ಅತ್ತೆಯ ಹತ್ತಿಕಟಗಿ ಪಟ್ಟಿ

ನಮ್ಮ ಸೋದರತ್ತೆಯ ಮನೆಯಲ್ಲಿ ಯಾವ ಮಿಕ್ಸರೂ ಆರು ತಿಂಗಳಿಗಿಂತ ಹೆಚ್ಚು ಬದುಕಿದ ದಾಖಲೆಯಿಲ್ಲ! ಚಟ್ನಿ ಅರೆದು ಸತ್ತಿದ್ದರೆ ಯಾರು ಕೇಳುತ್ತಿದ್ದರು? ಅವು ಸತ್ತದ್ದು ಹತ್ತಿ ಕಟಗಿ, ಅಂದರೆ ಹತ್ತಿ ಗಿಡದ ಒಣ ಕಡ್ಡಿ, ಅರೆದು.

ಅತ್ತೆ ನರಗುಂದದ ಸಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅವಳ ಗಂಡ, ನಮ್ಮ ಮಾಮಾನ ಕಾಲಿನಲ್ಲಿ ವರ್ಷದಿಂದ ಮಾಯದ ಹುಣ್ಣು. ದಿನವೂ ಪಟ್ಟಿ ಬಿಚ್ಚುವಾಗ ಅದು ಅಂಟಿಕೊಂಡು ಹೊಸ ಚರ್ಮವನ್ನೂ ಕಿತ್ತು ತರುತ್ತಿತ್ತು. ಮಾಮಾ ಕೂಗಿದರೆ ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು.

ಅಂಟದ ಪಟ್ಟಿ ತಾನೇ ಮಾಡುತ್ತೇನೆಂದು ಅತ್ತೆ ಹಟ ಹಿಡಿದಳು. ಹೊಲದಲ್ಲಿ ಸುಟ್ಟುಹಾಕುವ ಹತ್ತಿ ಕಟಗಿಯನ್ನು ಸೋಡಾದಲ್ಲಿ ಕುದಿಸಿ, ಬೆಳ್ಳಗೆ ಮಾಡಿ, ಅರೆದು ಅರೆದು, ಒಂದು ಕೂದಲನ್ನು ಸಾವಿರ ಸೀಳು ಮಾಡಿದಷ್ಟು ಸಣ್ಣ ನಾರು ತೆಗೆಯಬೇಕಂತೆ. ನ್ಯಾನೋ ಅಂತೆ! ಅದನ್ನು ತೆಳ್ಳಗೆ ಹರವಿ ಒಣಗಿಸಿದರೆ ಪಟ್ಟಿಯಂತೆ. ಮನೆಯ ಮಿಕ್ಸರ್ ಕೈಚೆಲ್ಲಿದ ಮೇಲೆ ಉಳಿದದ್ದನ್ನು ಹಾಲಿನ ಕ್ಯಾನಿನಲ್ಲಿ ತುಂಬಿ, ಬಸ್ಸು ಹತ್ತಿ, ಧಾರವಾಡದ ಕಾಲೇಜಿನಲ್ಲಿರುವ ತನ್ನ ಹಳೆಯ ವಿದ್ಯಾರ್ಥಿನಿಯ ಯಂತ್ರದಲ್ಲಿ ಅರೆಸಿ ತರುತ್ತಿದ್ದಳು. ಮನೆಯಲ್ಲಿ ಇನ್ನೊಂದು ಮಿಕ್ಸರ್ ಕಂಡರೆ ತಾನೇ ಮನೆ ಬಿಡುವುದಾಗಿ ಮಾಮಾ ಘೋಷಿಸಿಬಿಟ್ಟ.

ಹಾಗೆ ತಂದ ತಿಂಗಳ ದುಡಿಮೆಯನ್ನು ನಮ್ಮವ್ವ ಗಂಜಿಯೆಂದು ತಿಳಿದು ತನ್ನ ಗಜೇಂದ್ರಗಡದ ಸೀರೆಯನ್ನು ಅದರಲ್ಲಿ ಅದ್ದಿದಳು! ಒಣಗಿದ ಸೀರೆ ಗೋಡೆಗೆ ಆನಿಕೊಂಡು ತಾನೇ ನಿಂತಿತು. ಅದನ್ನೇ ಉಟ್ಟು ರೋಣಕ್ಕೆ ಬಸುರಿಯೊಬ್ಬಳ ಕುಬಸಕ್ಕೆ ಹೋದ ಅವ್ವ ಕೂಡ್ರಲಾಗದೆ ನಿಂತೇ ಉಂಡು ಬಂದಳು. ಅತ್ತೆ ಜಗಳಕ್ಕೆ ನಿಲ್ಲುತ್ತಾಳೆಂದು ನಾವು ಕಾದರೆ, ಅವಳು ಸೆರಗು ಜಗ್ಗಿ ನೋಡಿ, "ನಾರು ಭಾಳ ಗಟ್ಟಿ ಐತಿ ವೈನಿ" ಎಂದು ಹಿಗ್ಗಿದಳು. ಮತ್ತೆ ಕಟಗಿ ಕುದಿಯಲು ಕುಳಿತಿತು.

ಕಳೆದ ವಾರ ರೊಟ್ಟಿ ಹಂಚಿಗೆ ತಾಗಿ ಅತ್ತೆಯ ಮುಂಗೈ ಸುಟ್ಟಿತು. ಅಳುವುದು ಬಿಟ್ಟು ತನ್ನ ಪಟ್ಟಿ ಹಚ್ಚಿಕೊಂಡಳು. ಪರೀಕ್ಷೆಗೆ ಗಾಯ ಮನೆಗೇ ಬಂತಲ್ಲ! ಮೂರನೆಯ ದಿನ ಮಾಮಾನ ಎದುರು ಕುಳಿತು ಬಿಚ್ಚತೊಡಗಿದಳು. ನೋಡಲಾಗದೆ ಮಾಮಾ ಮುಖ ತಿರುಗಿಸಿದ.

"ಸಾವಕಾಶ ಬಿಚ್ಚು. ನೋವಾದೀತು," ಎಂದ.

"ಆಗಲೇ ಬಿಚ್ಚೀನ್ರಿ."

ಮಾಮಾ ಅವಳ ಕೈಯನ್ನು ಬಹಳ ಹೊತ್ತು ಹಿಡಿದು ನೋಡಿದ. ಆಮೇಲೆ ಮೆಲ್ಲಗೆ ತನ್ನ ಕಾಲು ಚಾಚಿದ.

"ನಿಮಗ ಈಗ ಬ್ಯಾಡ್ರಿ. ಧಾರವಾಡದಾಗ ಪರೀಕ್ಷೆ ಮುಗೀಲಿ, ದವಾಖಾನ್ಯಾಗ ಡಾಕ್ಟರ್ ಹೂಂ ಅನ್ಲಿ," ಎಂದು ಅತ್ತೆ ಹಳೆಯ ಪಟ್ಟಿಯನ್ನೇ ನೀರು ಹನಿಸಿ ನೆನೆಸತೊಡಗಿದಳು. ಆ ದಿನ ಓಣಿಯ ನಾಯಿಗಳು ಮಲಗಿಯೇ ಇದ್ದವು.

ಮರುದಿನ, ವರ್ಷದಿಂದ ಓಣಿ ದಾಟದ ಮಾಮಾ ಕೋಲೂರಿಕೊಂಡು ಪ್ಯಾಟೆಗೆ ಹೋಗಿ ಬಂದ. ಬಗಲಲ್ಲಿ ಹೊಸ ಮಿಕ್ಸರ್ ಇತ್ತು.