ಗಿರಿಯಪ್ಪ ಕಾಣದ ಥಾಯ್ ರಾಜ

ಗಿರಿಯಪ್ಪನ ಪುಸ್ತಕದಲ್ಲಿ ಎಲ್ಲವೂ ಇತ್ತು, ರಾಜನೊಬ್ಬನನ್ನು ಬಿಟ್ಟು.

ಹೊಸನಗರದ ಅವನ ಕೇರಿಗೆ ಇದು ಗೊತ್ತಾದದ್ದು ಬಿಡುಗಡೆಯ ದಿನ ಬೆಳಿಗ್ಗೆ. ಎದುರುಮನೆಯ ರವೀಂದ್ರ ಮೇಷ್ಟ್ರು ಒಂದು ಪ್ರತಿ ಮೊದಲೇ ಇಸ್ಕೊಂಡು, ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕಿದ ಹಾಗೆ ಕೊನೆಯ ಪುಟದವರೆಗೂ ರಾಜನನ್ನು ಹುಡುಕಿದ್ದರು. ಥಾಯ್ ಅರಮನೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು ಬಂದವನು ಬರೆದದ್ದು ಬರೀ ನೆಲದ ವಿಚಾರ. ಊಟದ ಮನೆಯದು ಎಳೆ ಹಸಿರು ಕಲ್ಲು. ಮೊಗಸಾಲೆಯದು ನಿಂತ ನೀರಿನ ಹಾಗೆ, ಬೆಳಗಿನ ಬಿಸಿಲು ಅದರೊಳಗೆ ಮೀನಿನ ಮರಿಯಂತೆ ಓಡಾಡುತ್ತಿತ್ತು.

"ರಾಜ ಎಲ್ಲಿ ಗಿರಿಯಪ್ಪ?"

"ಅವರು ಬಂದಾಗ ಅಡುಗೆಮನೆಯೋರು ನಾವು ನೆಲಕ್ಕೆ ತಲೆ ಬಗ್ಗಿಸ್ಬೇಕು ಮೇಷ್ಟ್ರೇ. ಹೋದ್ಮೇಲೆ ಎತ್ಬೇಕು. ಅಲ್ಲಿನ ಪದ್ಧತಿ."

"ಒಂದ್ಸಲ ಕದ್ದು ನೋಡೋದಲ್ವಾ?"

"ಉಂಡ ಮನೇಲಿ ಕಳ್ಳತನ ಆಗುತ್ತೆ."

ಮಧ್ಯಾಹ್ನದೊಳಗೆ ಸುದ್ದಿ ಬಲಿಯಿತು. ಗಿರಿಯಪ್ಪ ಥಾಯ್ ದೇಶ ಕಂಡೇ ಇಲ್ಲ, ಕಾರ್ಗಲ್ಲಿನ ಯಾವುದೋ ಕ್ಯಾಂಟೀನಿನಲ್ಲಿ ಇದ್ದನಂತೆ ಎಂದರು. ಹೆಂಡತಿ ಶಾಂತಮ್ಮನ ಕಣ್ಣು ತುಂಬಿತು.

"ತೀರ್ಥಹಳ್ಳೀಲಿ ನಮ್ಮೋರ ಹತ್ರ ಇಷ್ಟು ವರ್ಷ ಅರಮನೆ ಅರಮನೆ ಅಂದೆ. ಸಂಜೆ ಅವರೆಲ್ಲ ಸಾಗರಕ್ಕೆ ಬಿಡುಗಡೆ ಸಭೆಗೆ ಬರ್ತಾರೆ. ರಾಜನ ಮುಖ ಒಂದು ಹೇಳಿ, ಸಾಕು."

ರಾಜನ ಮುಖ ಕಟ್ಟಿಕೊಡಲು ಕೇರಿಯವರೇ ಸಹಾಯಕ್ಕೆ ನಿಂತರು. ಪಕ್ಕದ ಮನೆಯ ವರದಮ್ಮ ರಾಜನಿಗೆ ಮೀಸೆ ಇಡಿಸಿದಳು. ಮೇಷ್ಟ್ರು ಕಿವಿಗೆ ಕಡುಕು ತೊಡಿಸಿದರು. ಊಟದ ಹೊತ್ತಿಗೆ ರಾಜ ಯಕ್ಷಗಾನದ ಬಣ್ಣದ ವೇಷವಾಗಿದ್ದ. ಗಿರಿಯಪ್ಪನಿಗೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

ಪುಸ್ತಕ ಅಚ್ಚು ಹಾಕಿಸಿದ್ದ ಅಕ್ಕನ ಮಗ ತೀರ್ಥೇಶ್ ಕಾರು ತಂದ. "ಸುಳ್ಳು ಬೇಡ ಮಾವ. ಸಾಗರಕ್ಕೆ ಮುಂಚೆ ಇಕ್ಕೇರಿಗೆ ಹೋಗಣ. ಅಘೋರೇಶ್ವರನ ಗುಡೀಲಿ ಕೆಳದಿ ರಾಜರನ್ನ ಕೆತ್ತಿದಾರಂತೆ. ಕಣ್ತುಂಬ ನೋಡ್ಕೊಳಿ. ರಾಜಕಳೆ ಎಲ್ಲಾ ಕಡೆ ಒಂದೇ, ಅದನ್ನೇ ಹೇಳಿ."

ಗುಡಿಯೊಳಗೆ ತಂಪು, ಅರೆಗತ್ತಲು. ಗಿರಿಯಪ್ಪನಿಗೆ ಕನಸಿನಲ್ಲಿ ನಡೆದ ಹಾಗಾಯಿತು. ಜನ್ಮದಲ್ಲಿ ಮೊದಲ ಸಲ ರಾಜನನ್ನು ನೋಡಲು ತಲೆ ಎತ್ತಿಕೊಂಡು ಹೊರಟಿದ್ದ. ಕಂಬ ನೋಡಿದ, ಗೋಡೆ ನೋಡಿದ, ಕುತ್ತಿಗೆ ನೋಯುವಷ್ಟು ಚಾವಣಿ ನೋಡಿದ. ರಾಜನಿಲ್ಲ.

ಅರ್ಚಕರು ನಕ್ಕರು. "ಮೇಲೆ ಎಂತ ಹುಡುಕ್ತೀರಿ? ರಾಜರು ನಿಮ್ಮ ಕಾಲ ಹತ್ರವೇ ಇದಾರೆ."

ಗಿರಿಯಪ್ಪ ಬಗ್ಗಿದ. ನೆಲದ ಕಲ್ಲಿನಲ್ಲಿ ಕೆಳದಿಯ ರಾಜರು ದೇವರಿಗೆ ಸಾಷ್ಟಾಂಗ ಬಿದ್ದಿದ್ದರು, ಮುಖ ನೆಲಕ್ಕೆ. ಅವನೂ ಮಂಡಿಯೂರಿ, ಕೆನ್ನೆಯನ್ನು ಕಲ್ಲಿಗೆ ಒತ್ತಿ ಆ ಮಗ್ಗುಲಿಂದ ಈ ಮಗ್ಗುಲಿಂದ ಇಣುಕಿದ. ನೆಲ ಕಂಡಿತು. ಒಳ್ಳೆಯ ಕಲ್ಲು, ಹಳೆಯ ಪರಿಚಯದ ನೆಲದ ಹಾಗೆ ತಣ್ಣಗಿತ್ತು.

ಬಾಗಿಲಿಂದ ತೀರ್ಥೇಶ್ ಕೇಳಿದ, "ಮುಖ ಕಂಡ್ತಾ ಮಾವ?"

ಗಿರಿಯಪ್ಪ ತಲೆ ಎತ್ತದೆಯೇ ಹೇಳಿದ.

"ಇಲ್ಲ ಕಣೋ. ಪಾಪ, ಇವರೂ ಅಡುಗೆಮನೆಯೋರೇ."