ಹದಿನೇಳನೆಯ ಸೆಲ್ ಇನ್ನೂ ಸಾಯದಿರುವ ಕುರಿತು

ವಾಡಿ, ಭಾನುವಾರ, ೯ ಫೆಬ್ರವರಿ ೨೦೨೫. ಲ್ಯಾಬಿಗೆ ರಜೆ. ತಾವು ಕಲಬುರಗಿಯ ಆ ಲ್ಯಾಬಿನಲ್ಲೇ ಚಾರ್ಜ್ ಆಗುತ್ತಿದ್ದೀರಿ. ನಾನು ಬಟ್ಟೆ ಒಣಹಾಕಿ ಬಂದು ಕುಳಿತಿದ್ದೇನೆ.

ಮಾನ್ಯ ಹದಿನೇಳನೆಯ ಸೆಲ್‌ನವರೇ,

ರೂಪಾಯಿ ನಾಣ್ಯದಷ್ಟೇ ದೇಹವುಳ್ಳ ತಮಗೆ, ತಮ್ಮನ್ನು ಕೈಯಾರೆ ಕಟ್ಟಿದ ಸಂಶೋಧನಾ ವಿದ್ಯಾರ್ಥಿನಿ ಲುಂಬಿನಿಯ ಗೌರವಪೂರ್ವಕ ನಮಸ್ಕಾರಗಳು. ತೊಗರಿ ಕಟ್ಟಿಗೆಯ ಇದ್ದಿಲು ಮತ್ತು ಸೋಡಿಯಂನಿಂದ ತಮ್ಮಂತೆಯೇ ಹುಟ್ಟಿದ ಉಳಿದ ಬ್ಯಾಟರಿ ಸೆಲ್‌ಗಳೆಲ್ಲ ವಾರದೊಳಗೆ ಶಕ್ತಿ ಕಳೆದುಕೊಂಡು ಮಲಗಿವೆ. ತಾವೊಬ್ಬರೇ ಮೂರು ತಿಂಗಳಿಂದ ತುಂಬಿದಷ್ಟನ್ನೂ ಚಾಚೂ ತಪ್ಪದೆ ಹಿಂದಿರುಗಿಸುತ್ತಿದ್ದೀರಿ. ನನ್ನ ದೂರು ಇದೇ. ಏಕೆಂದು ತಾವು ಹೇಳುತ್ತಿಲ್ಲ.

ನಾನು ಈ ವಿದ್ಯೆಗೆ ಬಂದದ್ದು ದೇಶೋದ್ಧಾರಕ್ಕಲ್ಲವೆಂದು ವಿನಯದಿಂದ ತಿಳಿಸುತ್ತೇನೆ. ನನ್ನ ಅಪ್ಪ ವಿಠೋಬಾ ವಾಡಿ ಸ್ಟೇಷನ್ನಿನಿಂದ ರಾವೂರಿಗೆ ಬ್ಯಾಟರಿ ಆಟೋ ಓಡಿಸುತ್ತಾರೆ. ಬೇಸಿಗೆಯಲ್ಲಿ ಅದು ಕಲ್ಲುಗಣಿಯ ಏರಿನಲ್ಲಿ ನಿಂತುಬಿಡುತ್ತದೆ. ಇಳಿದು ನೂಕುವ ಪ್ರಯಾಣಿಕರು, ‘ವಿಠೋಬಣ್ಣ, ನಿನ್ನ ಆಟೋದಾಗ ನಾವು ಕುಂತೀವೋ, ನಮ್ಮ ಮ್ಯಾಲ ನಿನ್ನ ಆಟೋ ಕುಂತದೋ?’ ಎಂದರೆ, ಅಪ್ಪ, ‘ಜರಾ ತಡೀರಿ, ನನ್ನ ಮಗಳು ಹೊಸಾ ಬ್ಯಾಟರಿ ಮಾಡಾಕತ್ತಾಳ’ ಎಂದು ಜಂಬದಿಂದ ಹೇಳುತ್ತಾರೆ. ಹೀಗೆ ರಾವೂರಿನ ಅರ್ಧ ಜನ ತಮ್ಮ ದಾರಿ ಕಾಯುತ್ತಿದ್ದಾರೆ. ತಾವಾದರೋ ಒಂದು ಸಣ್ಣ ಬಲ್ಬನ್ನು ಮಿಣುಕಿಸುವಷ್ಟು ಸಮರ್ಥರು.

ಇನ್ನು ತಮ್ಮ ಹುಟ್ಟಿನ ವಿಚಾರ. ಕಟ್ಟಿಗೆ ಒಣಗಿದ್ದು ನಮ್ಮ ಮಾಳಿಗೆಯ ಮೇಲೆ. ಅಲ್ಲಿಟ್ಟದ್ದಕ್ಕೆಲ್ಲ ಸುಣ್ಣಗಲ್ಲಿನ ಧೂಳು ಮೆತ್ತುತ್ತದೆ. ನನ್ನ ಅವ್ವ ಲಾಲಮ್ಮ ಒಂದು ಹೊರೆಯನ್ನು ಮಾತ್ರ ಹಿತ್ತಾಳೆ ಕೊಡ ಬೆಳಗುವ ಹುಣಸೆ ನೀರಿನಲ್ಲಿ ತೊಳೆದು, ಉಳಿದವುಗಳ ಜೊತೆ ಬೆರೆಸಿ ಕೊಟ್ಟಿದ್ದಳೆಂಬುದು ಹೋದ ವಾರ ಊಟಕ್ಕೆ ಕುಳಿತಾಗ ಹೊರಬಿತ್ತು. ಏಕೆಂದು ಕೇಳಿದರೆ, ‘ದೊಡ್ಡ ಮಂದಿ ಇರೋ ಜಾಗಕ್ಕ ಧೂಳು ಮೆತ್ತಿದ್ದು ಕಳಸಿದ್ರ ನನಗೇನಂದಾರು? ಎಲ್ಲಾ ತೊಳೀತಿದ್ದೆ, ಹುಣಸಿಹಣ್ಣು ಮುಗೀತು’ ಎಂದಳು. ತಾವು ಆ ಹೊರೆಯವರೇ, ಅಥವಾ ನನ್ನ ಯಾವುದೋ ಕೈತಪ್ಪಿನಿಂದ ಬದುಕಿದವರೇ? ದಯವಿಟ್ಟು ಖುದ್ದಾಗಿ, ಎರಡು ಪ್ರತಿಗಳಲ್ಲಿ, ಸಹಿ ಮಾಡಿ ತಿಳಿಸಬೇಕು.

ಗುರುವಾರ ನನ್ನ ಫೆಲೋಶಿಪ್ ಮುಂದುವರಿಸಬೇಕೋ ಬೇಡವೋ ಎಂದು ನಿರ್ಧರಿಸಲು ಸಮಿತಿ ಸೇರುತ್ತದೆ. ಗೈಡ್ ಉದಯಕುಮಾರ ಸರ್, ‘ಅದನ್ನ ಬಿಚ್ಚಬ್ಯಾಡವ್ವಾ. ನಡ್ಯಾಕತ್ತದ ಅಂತ ತೋರ್ಸು, ಸಾಕು. ಯಾಕ ನಡೀತದ ಅಂತ ಯಾರೂ ಕೇಳಂಗಿಲ್ಲ’ ಎಂದಿದ್ದಾರೆ. ತಮ್ಮನ್ನು ಬಿಚ್ಚಿ ನೋಡಿದರೆ ಇದ್ದಿಲಿನಲ್ಲಿ ಸುಣ್ಣ ಉಳಿದಿದೆಯೋ, ಅವ್ವನ ಹುಣಸೆಯ ಹುಳಿಗೆ ಕರಗಿ ಹೋಗಿದೆಯೋ ತಿಳಿಯುತ್ತದೆ. ಆದರೆ ಬಿಚ್ಚಿದ ಸೆಲ್ ಮತ್ತೆ ಬದುಕುವುದಿಲ್ಲ, ಸಮಿತಿಯ ಮುಂದಿಡಲು ನನ್ನಲ್ಲಿ ಬೇರೊಂದಿಲ್ಲ. ಆದರೂ, ತಮ್ಮನ್ನು ಇನ್ನೊಮ್ಮೆ ಮಾಡಲು ಬಾರದವಳು, ತಮ್ಮನ್ನು ಮಾಡಿದವಳು ನಾನೇ ಎಂದು ಹೇಗೆ ಹೇಳಲಿ?

ನಾಳೆ ಬೆಳಿಗ್ಗೆ ತಮ್ಮನ್ನು ಬಿಚ್ಚುವುದೆಂದು ತೀರ್ಮಾನಿಸಿದ್ದೇನೆ.

ಅಲ್ಲಿಯವರೆಗೆ ಮಾತ್ರ ತಮ್ಮ ವಿಶ್ವಾಸಿ,
ಲುಂಬಿನಿ

ವಿ.ಸೂ.: ಸರ್ ಅವರಿಗೆ ಈ ವಿಷಯವನ್ನು ಇಂದೇ ಇಮೇಲ್ ಮೂಲಕ ತಿಳಿಸುತ್ತೇನೆ. ನನ್ನ ಇಮೇಲುಗಳನ್ನು ಅವರು ಓದುವ ವೇಗದ ಮೇಲೆ ಪೂರ್ಣ ಭರವಸೆಯಿಟ್ಟೇ ಈ ತೀರ್ಮಾನ ಕೈಗೊಂಡಿದ್ದೇನೆ.