ಹತ್ತದವರನ್ನು ಎಣಿಸುವವರು ಯಾರು?

ಲಂಡನ್ನಿಗೆ ಹಾರುವ ಹೊಸ ದೊಡ್ಡ ವಿಮಾನಕ್ಕೆ ಪೈಲಟ್ಟರು ಸಾಲದೆಂದು ವಿಮಾನ ಕಂಪನಿ ಔರಂಗಾಬಾದಿನ ದಿನನಿತ್ಯದ ಸಣ್ಣ ವಿಮಾನವನ್ನು ವಾರಕ್ಕೆ ಎರಡೇ ದಿನಕ್ಕೆ ಇಳಿಸಲು ಹೊರಟಿದೆ. ಇದು ಅನ್ಯಾಯ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಕಣ್ಣಿನ ಚಿಕಿತ್ಸೆಗೆ ಮುಂಬೈಗೆ ಹೋಗುವುದು ಇದರಲ್ಲೇ. ಡಾಕ್ಟರು ಕರೆದ ದಿನ ವಿಮಾನವಿಲ್ಲದಿದ್ದರೆ ಕಣ್ಣು ಕಾಯುತ್ತದೆಯೇ? ನಾನು ಶಾಲೆ ಕಲಿತವನಲ್ಲ, ಜಗಳದಲ್ಲಿ ಕಲಿತವನು. ಈ ಜಗಳದಲ್ಲಿ ಮಾತ್ರ ಸಿಟ್ಟಿಗಿಂತ ಮೊದಲು ನಗು ಬರುವಂಥದ್ದೇ ನಡೆಯುತ್ತಿದೆ.

೧. ನಾಶಿಕದ ನಕಾಶೆ

ಕಂಪನಿಯ ಸಾಹೇಬರು ವ್ಯಾಪಾರಿಗಳ ಸಭೆಗೆ ನಾಶಿಕಕ್ಕೆ ಬಂದಿದ್ದರು. ಔರಂಗಾಬಾದಿನಲ್ಲಿ ನೆಲೆಸಿದ ನಾವು ಕೆಲವು ಕನ್ನಡಿಗರು ಅಲ್ಲಿಗೇ ಹೋಗಿ ಹಿಡಿದೆವು. ಅವರು ಗೋಡೆಗೆ ಭೂಪಟ ತೂಗುಹಾಕಿ, “ದೊಡ್ಡ ವಿಮಾನ ದೂರ ಹೋಗಬೇಕು, ಸೀಟು ತುಂಬಬೇಕು. ಎಲ್ಲಿ ಲಾಭವೋ ಅಲ್ಲಿಗೆ ಹಾರಬೇಕು” ಎಂದರು.

ನಮ್ಮೊಂದಿಗಿದ್ದ ಉಡುಪಿ ಕಡೆಯ ಹೋಟೆಲಿನವರೊಬ್ಬರು ಎದ್ದರು. “ನಾನೂ ದೊಡ್ಡ ಇಡ್ಲಿ ಪಾತ್ರೆ ತಂದೆ ಮಾರಾಯ್ರೆ. ಹಾಗಂತ ಚಾದ ಒಲೆ ಆರಿಸಿ, ‘ವಾರಕ್ಕೆರಡು ದಿನ ಬನ್ನಿ’ ಅಂತ ಗಿರಾಕಿಗೆ ಹೇಳಿದ್ರೆ, ಅವನು ನನ್ನನ್ನೇ ಆ ಪಾತ್ರೆಯಲ್ಲಿಟ್ಟು ಬೇಯಿಸ್ತಾನೆ!”

೨. ಎಣಿಕೆಯ ದಿನ

ಸಾಹೇಬರು ಪ್ರವಾಸಿಗರನ್ನು ಬಿಟ್ಟು ಉಳಿದ ಪ್ರಯಾಣಿಕರನ್ನು ಎಣಿಸಲು ನಮ್ಮ ವಿಮಾನ ನಿಲ್ದಾಣಕ್ಕೇ ಬಂದರು. ಅಂದು ವೈನಿ ಹೊರಟಿದ್ದರು. ಸಂಖ್ಯೆ ಕಾಣಲಿ ಎಂದು ನಾನೇ ಎಲ್ಲರನ್ನೂ ಕರೆದಿದ್ದೆ. ಇಪ್ಪತ್ತೆರಡು ಮಂದಿ ಬಂದರು, ಹೂವಿನ ಹಾರ, ರೊಟ್ಟಿ ಬುತ್ತಿ ಸಮೇತ.

“ಎಷ್ಟು ಜನ ಹೊರಟಿದ್ದೀರಿ?” ಸಾಹೇಬರ ಪ್ರಶ್ನೆ.

ಬೀದರದ ಬಟ್ಟೆ ವ್ಯಾಪಾರಿ ಹೆಮ್ಮೆಯಿಂದ ಹೇಳಿದರು: “ಹೋಗೋರು ಒಬ್ರೇರಿ. ನಾವೆಲ್ಲಾ ಕಳಸಲಕ್ಕ ಬಂದೀವ್ರಿ!”

ಸಾಹೇಬರು ‘ಒಂದು’ ಎಂದು ಬರೆದರು. ನಾನು ಕೂಗಾಡಿದೆ: “ಉಳಿದ ಸೀಟೆಲ್ಲ ಎಲ್ಲೋರಾ ನೋಡಲು ಬಂದವರಿಗೆ ಕೊಟ್ಟಿರಿ. ಟಿಕೆಟ್ ಕೇಳಿ ಸಿಗದೆ ಮರಳಿದವರ ಲೆಕ್ಕ?”

“ಹತ್ತಿದವರನ್ನಷ್ಟೇ ಎಣಿಸುವುದು ನಮ್ಮ ನಿಯಮ.”

ವೈನಿ ಗೇಟಿನಿಂದಲೇ ಕೂಗಿದರು: “ಹಂಗಿದ್ರ ನನ್ನ ಬುತ್ತಿ ಗಂಟೂ ಎಣಸ್ರಿ! ಇದೂ ಹತ್ತತದ, ಇಬ್ಬರು ಆದ್ವಿ!”

೩. ಸಾಹೇಬರ ಬಸ್ಸು

ಮೂರನೆಯ ದಿನ ನಾನು ನಾಶಿಕದ ಮೇಲೆ ಮುಂಬೈಗೆ ಹೋಗುವ ಬಸ್ಸು ಹತ್ತಿದರೆ, ಕಿಟಕಿಯ ಪಕ್ಕ ಅದೇ ಸಾಹೇಬರು! ತೊಡೆಯ ಮೇಲೆ ಕಾಗದವಿಟ್ಟು ವರದಿ ಬರೆಯುತ್ತಿದ್ದರು. ದಾರಿಯಲ್ಲಿ ಯೇವಲೆ ಊರಿನ ಹತ್ತಿರ ಬಸ್ಸು ಕುಲುಕಿ ಪೆನ್ನು ಬಿತ್ತು. ಎತ್ತಿಕೊಡುವಾಗ ಓದಿಬಿಟ್ಟೆ: ‘ಔರಂಗಾಬಾದಿನಲ್ಲಿ ವಿಮಾನಕ್ಕೆ ಬೇಡಿಕೆ ಇಲ್ಲ.’

“ಮತ್ತ ನೀವ್ಯಾಕ ಬಸ್ಸಿನ್ಯಾಗ್ರಿ, ಸಾಹೇಬ್ರ?”

“ಎರಡು ದಿನ ಕಾದೆ. ವಿಮಾನ ಭರ್ತಿ. ಸೀಟೇ ಇಲ್ಲ.”

“ಅಂದ್ರ ನಿಮ್ಮನ್ನಾದ್ರೂ ಲೆಕ್ಕಕ್ಕ ಹಿಡದೀರಿಲ್ರಿ?”

ಸಾಹೇಬರು ಪ್ರಾಮಾಣಿಕರು. ಸ್ವಲ್ಪ ಯೋಚಿಸಿ ತಲೆಯಾಡಿಸಿದರು: “ಅದು ಹೇಗಾಗುತ್ತದೆ? ನಾನು ಹತ್ತಲಿಲ್ಲವಲ್ಲ!”

ಆ ವರದಿಗೆ ಮುಂಬೈಯ ಕಂಪನಿ ಕಚೇರಿಯಲ್ಲಿ ಇನ್ನೂ ಸಹಿ ಬಿದ್ದಿಲ್ಲ. ಸೀಟು ಸಿಗದೆ ಮರಳಿದವರೇ, ನಕ್ಕದ್ದು ಸಾಕು. ಒಂದು ಅಂಚೆ ಕಾರ್ಡು ತೆಗೆದುಕೊಳ್ಳಿ. ಹೆಸರು, ಮರಳಿದ ತಾರೀಖು ಬರೆಯಿರಿ. ಕೆಳಗೆ ಒಂದೇ ಸಾಲು: ‘ನಾನು ಹತ್ತಲಿಲ್ಲ, ನನ್ನನ್ನೂ ಎಣಿಸಿ.’ ಕಂಪನಿಗೆ ಇವತ್ತೇ ಹಾಕಿ.